ಗ್ರಹಣ ಬಿಟ್ಟ ಮೇಲಿನ ನೀರು

ಗ್ರಹಣದ ರಾತ್ರಿ ಶಂಕರನಿಗೆ ನೈಟ್ ಹಾಲ್ಟ್ ಬಿದ್ದಿತ್ತು. ಬಸ್ಸಿನಲ್ಲೇ ಮಲಗಿ, ಬೆಳಗಿನ ಮೊದಲ ಟ್ರಿಪ್ಪು ಮುಗಿಸಿ, ಕಂಡಕ್ಟರ್ ಚೀಲವನ್ನು ಡಿಪೋದಲ್ಲಿ ಒಪ್ಪಿಸಿ ಗುಂಡ್ಲುಪೇಟೆಯ ತನ್ನ ಬಾಡಿಗೆ ಕೋಣೆಗೆ ಬಂದರೆ ಬಾಗಿಲು ತೆರೆದಿತ್ತು. ಒಳಗೆ ಮನೆಯೊಡತಿ ರಾಚಮ್ಮ ಸೆರಗು ಸಿಕ್ಕಿಸಿಕೊಂಡು ನೆಲ ಒರೆಸುತ್ತಿದ್ದಳು. ಮೂಲೆಯ ಮೀನಿನ ತೊಟ್ಟಿ ಎಂದೂ ಇಲ್ಲದ ಹಾಗೆ ಫಳಫಳ ಹೊಳೆಯುತ್ತಿತ್ತು.

“ಗ್ರಹಣದ ನೀರ ಮನೇಲಿ ಇಟ್ಕಬಾರ್ದು ಕಣಪ್ಪ. ನಿನ್ನ ಕೋಣೇಲಿ ಯಾರವ್ರೆ ಚೆಲ್ಲಕ್ಕೆ? ಮೀನ ಬಕೀಟ್ಗೆ ಬುಟ್ಟು ನಾನೇ ಚೆಲ್ಬುಟ್ಟೆ. ಆ ಫಿಲ್ಟರಿನ ಸ್ಪಾಂಜು! ಅಯ್ಯಪ್ಪ, ಅದೇನ್ ಕೊಳೆ! ಎಲ್ಡು ಸಲ ಸೋಪಾಕಿ ಉಜ್ಜುದ್ಮೇಲೆ ಬೆಳ್ಳಗಾಯ್ತು.”

ಶಂಕರ ಕೈಯಲ್ಲಿದ್ದ ಊಟದ ಡಬ್ಬಿಯನ್ನು ಕೆಳಗಿಡುವುದನ್ನೇ ಮರೆತ. “ಆ ಕೊಳೇಲೇ ಕಣವ್ವ ನೀರ ಕಾಯೋ ಸಣ್ಣ ಉಳ ಇರೋದು. ಮೀನಿನ ಗಲೀಜ್ನ ಅದೇ ತಿಂದು ತಿಳಿ ಮಾಡೋದು.”

“ಉಳ ಬಿದ್ರೆ ತೊಳೀದೆ ಮಡಿಕಂಡು ಪೂಜೆ ಮಾಡ್ತಾರ? ಸರಿಯಾಗಿದ್ದೀಯ ಬುಡು!” ರಾಚಮ್ಮ ನಕ್ಕಳು. ಅಕ್ಕರೆಯಿಂದ ಮಾಡಿದ್ದಕ್ಕೆ ಬೈಯಲು ಅವನಿಗೆ ಬಾಯಿ ಬರಲಿಲ್ಲ.

ಹೆಂಡತಿ ಕುಮಾರಿಯಿಂದ ಬೇರೆಯಾಗಿ ಬಂದು ಎರಡು ವರ್ಷ. ಏಳನೇ ಕ್ಲಾಸಿನ ಮಗಳು ಪುಟ್ಟಿ ಚಾಮರಾಜನಗರದಿಂದ ಭಾನುವಾರಗಳಲ್ಲಿ ಪರಿಚಯದವರ ಬಸ್ಸು ಹತ್ತಿ ಬರುತ್ತಿದ್ದದ್ದು ಈ ಮೀನುಗಳಿಗಾಗಿ. ಹಾಗೆಂದು ಅವನ ನಂಬಿಕೆ. ಅವಳು ಗಾಜಿಗೆ ಮೂಗೊತ್ತಿ ಕೂರುವಳು, ಅವನು ಮೀನಿನ ಸಂಗತಿ ಹೇಳುವನು, ಐದರ ಬಸ್ಸಿಗೆ ಹತ್ತಿಸಿ ಬರುವನು. ಆಮೇಲೆ ವಾರವಿಡೀ ಕೋಣೆಯಲ್ಲಿ ಫಿಲ್ಟರಿನಿಂದ ನೀರು ಬೀಳುವ ಸದ್ದೊಂದೇ. ಪಕ್ಕದ ಮನೆಯಲ್ಲಿ ಯಾರೋ ತಮ್ಮಷ್ಟಕ್ಕೆ ತಾವು ಪದ ಹೇಳಿಕೊಳ್ಳುತ್ತಿರುವಂತೆ ಅದು ಕೇಳುವುದು. ಮಾತು ತಿಳಿಯದು, ರಾಗ ಮಾತ್ರ. ಮೀನು ಹೋದರೆ ಮಗಳು ಯಾತಕ್ಕೆ ಬಂದಾಳು?

ಬುಧವಾರಕ್ಕೆ ನೀರು ಅಕ್ಕಿ ತೊಳೆದ ನೀರಿನಂತಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಒಂದು ಸತ್ತೇ ಹೋಯಿತು. ಚಾಮರಾಜನಗರದಲ್ಲಿ ಮೀನಿನಂಗಡಿ ಇಟ್ಟಿದ್ದ ಗಿರೀಶನಿಗೆ ಫೋನು ಮಾಡಿದ.

“ಗಿರೀಶ, ನಿನ್ ತೊಟ್ಟೀದು ತೊಳೀದಿರೋ ಹಳೇ ಸ್ಪಾಂಜು ಒಂದ್ ತುಂಡು ಕೊಡು ಕಣ್ಲಾ. ಅದ್ರಲ್ಲಿರೋ ಉಳ ಬೇಕಾಗದೆ.”

“ಎಲ್ಲಿದ್ದದಣ್ಣ? ನಮ್ಮವ್ವ ಬುಡ್ತಾಳಾ? ಗ್ರಹಣ ಬುಟ್ಟೇಟ್ಗೆ ಇಡೀ ಅಂಗ್ಡೀನೇ ತೊಳ್ದ್ಬುಟ್ಳು. ನನ್ ಮೀನೂ ಬಾಯ್ ಬುಡ್ತಾವೆ. ನಿಮ್ಮನೇರತ್ರ ಕೇಳು. ಓದ್ ತಿಂಗ್ಳು ಫಿಲ್ಟರ್‌ಗೆ ಮೋಟ್ರು ತಕ್ಕಂಡೋದ್ರಲ್ಲ.”

“ಯಾರು, ಕುಮಾರೀನಾ?”

ಬಿಟ್ಟು ಬಂದ ಹಳೆಯ ತೊಟ್ಟಿ ಎಂದೋ ಒಣಗಿರಬೇಕು ಎಂದುಕೊಂಡಿದ್ದ. ಪ್ರತಿ ಜಗಳದಲ್ಲೂ ಅವನಿಗಿಂತ ಮೊದಲು ಬೈಸಿಕೊಳ್ಳುತ್ತಿದ್ದದ್ದು ಅದೇ ತೊಟ್ಟಿ.

ಮರುದಿನ ರಜೆ ಹಾಕಿ ಚಾಮರಾಜನಗರದ ಬಸ್ಸು ಹತ್ತಿದ. ತೆರಕಣಾಂಬಿ ದಾಟುವವರೆಗೂ ಹೇಗೆ ಕೇಳುವುದೆಂದೇ ಯೋಚಿಸಿದ. ಬಾಗಿಲು ತೆಗೆದ ಕುಮಾರಿ ಒಳಗೆ ಬನ್ನಿ ಎನ್ನಲಿಲ್ಲ, ಅಡ್ಡ ನಿಲ್ಲಲೂ ಇಲ್ಲ. ಹೊಸ್ತಿಲಲ್ಲೇ ನಿಂತು ಬಂದ ಕಾರಣ ಹೇಳಿದ.

“ಕೊಳೆ ಕೇಳಕ್ಕೆ ಬಸ್ ಅತ್ಕಂಡ್ ಬಂದ್ರಾ? ಎಲ್ಡು ವರ್ಷದಲ್ಲಿ ನೀವು ಬಾಯ್ಬುಟ್ಟು ಕೇಳ್ತಿರೋದು ಇದೊಂದೇಯ!”

ನಡುಮನೆಯಲ್ಲಿ ತೊಟ್ಟಿ ಇತ್ತು. ತಿಳಿನೀರಿನಲ್ಲಿ ಆರೇಳು ಮೀನು. ಮೇಲೆ ಒಂದೆಳೆ ಗರಿಕೆ ತೇಲುತ್ತಿತ್ತು.

“ನೀನು ಚೆಲ್ನಿಲ್ವಾ?”

“ಗ್ರಹಣಕ್ಕೆ ಮುಂಚೇನೇ ಗರಿಕೆ ಆಕುದ್ಮೇಲೆ ಯಾತಕ್ ಚೆಲ್ಬೇಕು? ಇದ ನೋಡ್ಕಳದೆಲ್ಲ ಪುಟ್ಟಿ. ಸ್ಪಾಂಜ ಮುಟ್ಟಕ್ಕೂ ಬುಡಲ್ಲ. ತೊಟ್ಟಿ ನೀರಲ್ಲೇ ಅದ್ದಿ ಇಂಡ್ಬೇಕಂತೆ, ನಲ್ಲಿ ನೀರ ತಾಗುಸ್ಬಾರ್ದಂತೆ. ಅಪ್ಪ ಯೋಳ್ತು ಅಂತಾಳೆ.”

“ಇಲ್ಲೂ ಮೀನವೆ ಅಂತ ಒಂದಿನ್ವೂ ನಂಗೆ ಯೋಳ್ನಿಲ್ಲ ಅವ್ಳು.”

ಕುಮಾರಿ ಸ್ಪಾಂಜು ತೆಗೆದು, ಹೊಲಿಗೆ ಕತ್ತರಿಯಿಂದ ಎರಡು ಮಾಡಿ, ಒಂದನ್ನು ತೊಟ್ಟಿ ನೀರಿನ ಸಮೇತ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಬಿಗಿದಳು.

“ಯೋಳುದ್ರೆ ಅಲ್ಲಿಗ್ ಬರಕ್ಕೆ ನೆಪ ಏನಿದ್ದದು ಅವ್ಳಿಗೆ?”

ವಾಪಸು ಬಸ್ಸಿನಲ್ಲಿ ಆ ಕಂದು ನೀರಿನ ಕವರನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಪಕ್ಕದವರು ಮೂಗು ಮುಚ್ಚಿ ಆಚೆ ಜರುಗಿದರು. ಅಷ್ಟು ಭಾನುವಾರಗಳಲ್ಲಿ ಮಗಳನ್ನು ತಾನು ಏನು ಕೇಳಿದ್ದೇನೆಂದು ನೆನೆಸಿಕೊಂಡ. ಮೀನಿನ ಮಾತು ಬಿಟ್ಟು ಒಂದೂ ನೆನಪಿಗೆ ಬರಲಿಲ್ಲ.

ಭಾನುವಾರವೂ ನೀರು ಮಬ್ಬಾಗಿಯೇ ಇತ್ತು. ಆದರೆ ಮೀನುಗಳು ಬಾಯಿ ಬಿಡುವುದು ನಿಂತಿತ್ತು. ಗಾಜಿನ ಹತ್ತಿರ ಬಂದಾಗಷ್ಟೇ ಕಾಣಿಸಿ ಮಾಯವಾಗುತ್ತಿದ್ದವು.

“ಬದುಕ್ಕತವೆ ಬುಡಪ್ಪ,” ಎಂದಳು ಪುಟ್ಟಿ.

ಎಂದಿನಂತೆ ಮೀನಿನ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. “ಸ್ಕೂಲಲ್ಲಿ ನಿನ್ ಪಕ್ಕ ಯಾರು ಕೂತ್ಕತಾರಮ್ಮಿ?”

ಅವಳು ಗಾಜಿನಿಂದ ಮುಖ ತಿರುಗಿಸಲಿಲ್ಲ. “ಯಾರೂ ಇಲ್ಲ. ಮುಂಚೆ ಒಬ್ಳು ಕೂತ್ಕತಿದ್ಲು. ಈಗ ಮಾತಾಡ್ಸಲ್ಲ.”

“ಯಾಕಂತೆ?”

“ಅದು ದೊಡ್ಡ ಕತೆ,” ಎಂದು ಗೋಡೆಯ ಗಡಿಯಾರ ನೋಡಿದಳು. ಬಸ್ಸಿಗೆ ಹೊರಡುವ ಹೊತ್ತಾಗಿತ್ತು.

ಶಂಕರ ಸ್ಟೂಲನ್ನು ಅವಳ ಪಕ್ಕಕ್ಕೆ ಎಳೆದುಕೊಂಡ. “ಐದರ್ದು ಓದ್ರೆ ಓಗ್ಲಿ. ಆರಕ್ಕಿನ್ನೊಂದದೆ. ಯೋಳು.”