ತಳಕ್ಕಿಳಿಯದ ಬೆಳ್ಳಿ

ಮಂಜು ಇನ್ನೂ ಕರಗಿಲ್ಲ, ವಡೋದರಾದ ಜನವರಿ ಮಂಜು, ಅಲ್ಕಾಪುರಿಯ ತಂತಿಗಳಿಗೆ ಸಿಕ್ಕಿದ ಉತ್ತರಾಯಣದ ಗಾಳಿಪಟಗಳು ಒದ್ದೆಯಾಗಿ ಜೋತುಬಿದ್ದಿವೆ, ವಿಂಧ್ಯಾ ಸ್ಕೂಟಿಯನ್ನು ಮೆಲ್ಲಗೆ ಓಡಿಸುತ್ತಾಳೆ, ಮಂಜೆಂದರೆ ಹನಿಗಳೇ ಅಲ್ಲವೆ, ಒಂದಕ್ಕೊಂದು ಅಂಟದೆ ತೇಲುವಷ್ಟು ಹೊತ್ತು ಮಂಜು, ಅಂಟಿದರೆ ಕೆಳಗೆ — ಕೆಳಗೆ, ಬಾಟಲಿಯ ತಳದಲ್ಲಿ, ಆ ಬೂದು ಪದರ. ಶುಕ್ರವಾರದಿಂದ ಕಣ್ಣು ಮುಚ್ಚಿದರೆ ಅದೇ. ಪ್ರಯೋಗಾಲಯದ ಹಿರಿಯರು ಊರ್ಮಿಳಾಬೆನ್, ಅವರು ಕೊಟ್ಟಾಗ ಜೇನಿನ ಹಾಗೆ ಹಳದಿ, ನೀರಿನೊಳಗೆ ಕಣ್ಣಿಗೆ ಕಾಣದ ಬೆಳ್ಳಿಯ ಕಣಗಳು, ತೊಗೊ ವಿಂಧ್ಯಾ, ನಿನ್ನ ಅಳತೆ ಮುಗಿಸಿ ವಾಪಸ್ ಕೊಡು, ಸೋಮವಾರ ಸೂರತ್‌ಗೆ ಒಯ್ಯಬೇಕು, ಪಾಂಡೇಸರಾದ ಮಿಲ್ಲಿನವರು ಬಟ್ಟೆಗೆ ಹಚ್ಚಿ ರೋಗಾಣು ಸಾಯುತ್ತಾ ನೋಡ್ತಾರೆ, ಒಪ್ಪಿದರೆ ನನಗೆ ಅಲ್ಲೇ ನೌಕರಿ. ಅಳೆಯುವ ಮೊದಲು ತೊಳೆಯಬೇಕು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಮೇಲಿನ ನೀರು ಚೆಲ್ಲಿ, ಹೊಸ ನೀರು ಹಾಕಿ, ಒಮ್ಮೆ ಸಾಕಿತ್ತು, ಅವಳು ಇನ್ನೊಮ್ಮೆ, ಮತ್ತೊಮ್ಮೆ, ಶುದ್ಧವಾಗಲಿ ಅಂತ, ಕಣಗಳು ಪರಸ್ಪರ ಮುಟ್ಟದಂತೆ ಕಾಯುತ್ತಿದ್ದ ಪಾಲಿಮರಿನ ಹೊದಿಕೆಯೂ ಆ ನೀರಿನ ಜೊತೆಗೇ ಹೋಯಿತು, ಬೆತ್ತಲಾದ ಬೆಳ್ಳಿ ಬೆಳ್ಳಿಗೆ ಅಂಟಿ ಕುಸಿಯಿತು. ಬೈಯಲಿಲ್ಲ ಅವರು, ಅದೇ ಕಷ್ಟ, ಅರೇ, ನಿಮ್ಮೂರಲ್ಲಿ ಬೆಳ್ಳಿನೂ ಹುಣಸೆಹಣ್ಣು ಹಾಕಿ ತಿಕ್ತೀರಾ ಅಂತ ನಕ್ಕರು, ನಕ್ಕು ಕಿಟಕಿಯ ಕಡೆ ತಿರುಗಿ ನಿಂತರು, ನಾನೇ ಮಾಡಿಕೊಡ್ತೀನಿ ಬೆನ್ ಅಂದಳು ವಿಂಧ್ಯಾ, ನೋಡೋಣ ಅಂದರು, ಬೆನ್ನು ಹಾಕಿಕೊಂಡೇ.

ಸಿಗ್ನಲ್ಲು, ಚಹಾದ ಶುಂಠಿ ವಾಸನೆ, ಧಾರವಾಡದ ಅಡುಗೆಮನೆ, ತೊಳೆದದ್ದನ್ನೇ ತೊಳೆಯುವ ಗೌರಮ್ಮಜ್ಜಿ, ಬಾವಿಯ ಹಗ್ಗವನ್ನೂ ತೊಳೆಯುತ್ತಿದ್ದಳು, ದೇವರ ಗಂಟೆಯ ನಾಲಗೆಯನ್ನೂ, ಆದರೆ ದೋಸೆಯ ಹಂಚನ್ನು ಮಾತ್ರ — ಏ ಹುಡುಗಿ, ಬಿಡು ಅದನ್ನ, ತಿಕ್ಕಬ್ಯಾಡ, ಎಣ್ಣಿ ಕುಡದ ಹಂಚು, ಬೆಳ್ಳಗಾತಂದ್ರ ಹಿಟ್ಟು ಹಿಡಕೊಂಡು ಕೂಡತದ — ಅಜ್ಜಿಯ ಕೈ ಬಂತು ತನಗೆ, ಆ ಮಾತು ಬರಲಿಲ್ಲ. ನಿನ್ನೆ ಭಾನುವಾರ, ಖಾಲಿ ಪ್ರಯೋಗಾಲಯ, ದೇವರೇ ಎಂದು ಹೊಸ ಬೆಳ್ಳಿ, ಹೊಸ ಹೊದಿಕೆ, ಒಂದೇ ಒಂದು ತೊಳೆತ, ಆಮೇಲೆ ಕೈಗಳನ್ನು ಮಡಿಲಲ್ಲಿ ಕಟ್ಟಿ ಕೂತಳು, ಇನ್ನೊಮ್ಮೆ ಎನ್ನುತ್ತಿದ್ದವು ಕೈಗಳು, ಬೇಡ ಅಂದಳು, ಬೇಡ ಅನ್ನುವುದೂ ಒಂದು ಪೂಜೆಯೇ ಇರಬೇಕು, ರಾತ್ರಿಯಿಡೀ ಅದು ನೀರಲ್ಲಿ ತೇಲಿ ನಿಲ್ಲಬೇಕು, ನಿಂತಿರುತ್ತದೆಯೋ, ಅಥವಾ ತಳದಲ್ಲಿ ಮತ್ತೆ —

ಪ್ರಯೋಗಾಲಯದ ಬೀಗ, ಬೀರು, ಬಾಟಲಿ. ಅಲುಗಿಸಬಾರದು, ಅಲುಗಿಸಿದರೆ ಕೆಳಗಿಳಿದದ್ದು ಮೇಲೆದ್ದು ಸುಳ್ಳು ಹೇಳುತ್ತದೆ, ಅವಳಿಗೆ ನೋಡುವ ಧೈರ್ಯವೂ ಇಲ್ಲ, ಹಿಂದೆ ಚಪ್ಪಲಿಯ ಸದ್ದು, ಊರ್ಮಿಳಾಬೆನ್, ಹೆಗಲಲ್ಲಿ ಚೀಲ, ರೈಲಿಗೆ ಹೊತ್ತಾಗಿದೆ, ವಿಂಧ್ಯಾ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಆರತಿ ತಟ್ಟೆ ದಾಟಿಸಿದ ಹಾಗೆ, ಅವರ ಕೈಗಿಡುತ್ತಾಳೆ. ಅವರು ಮೆಲ್ಲಗೆ, ಕದಲಿಸದೆ, ಬಾಟಲಿಯನ್ನು ತಲೆಗಿಂತ ಮೇಲೆತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ, ಮಂಜು ಸರಿದು ಬಿಸಿಲು ಬಂದಿದೆ, ಅವರ ಹಣೆಯ ಮೇಲೆ ಜೇನಿನ ಬಣ್ಣ, ಬಾ, ನೀನೂ ಕೆಳಗಿನಿಂದ ನೋಡು ಅನ್ನುತ್ತಾರೆ, ವಿಂಧ್ಯಾ ನೋಡುತ್ತಾಳೆ, ತಳ, ಗಾಜಿನ ತಳ, ಬರೀ ಗಾಜು, ಬರೀ ಹಳದಿ ಬೆಳಕು, ತಳದಲ್ಲಿ ಏನೂ ಇಲ್ಲ, ಏನೂ ಇಲ್ಲ.