ಕಾರ್ಡಿನ ಕಡೆಯ ಹೆಸರು

ಕುಷ್ಟಗಿಯಲ್ಲಿ ಮುದಿಯಪ್ಪನಷ್ಟು ಮದುವೆಗಳಿಗೆ ಹೋದವನು ಇನ್ನೊಬ್ಬನಿರಲಿಲ್ಲ. ಅವನಷ್ಟು ಕಡಿಮೆ ಆಮಂತ್ರಣ ಪಡೆದವನೂ ಇರಲಿಲ್ಲ. ಇದರ ಗುಟ್ಟು ಶಾಯಿಸ್ತಾಳ ಕಂಪ್ಯೂಟರಿನೊಳಗಿತ್ತು, ಮತ್ತು ಅದು ಶಾಯಿಸ್ತಾಳಿಗೇ ಗೊತ್ತಿರಲಿಲ್ಲ.

ಶಾಯಿಸ್ತಾ ಬಸ್ ನಿಲ್ದಾಣದ ಎದುರು ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿ ಇಟ್ಟಿದ್ದಳು. ಒಂಬತ್ತು ವರ್ಷದ ಹಿಂದೆ ಅವಳು ಮಾಡಿದ ಮೊದಲ ಕಾರ್ಡು ಮುದಿಯಪ್ಪನ ತಂಗಿಯ ಮಗಳ ಮದುವೆಯದು. ಸುತ್ತ ಮಾವಿನೆಲೆಯ ಅಂಚು, ಮೇಲೆ ಗಣಪ, ಕೆಳಗೆ ‘ಸುಖಾಗಮನ ಬಯಸುವವರು’ ಎಂದು ಹದಿನೈದು ಹೆಸರು, ಎಲ್ಲಕ್ಕೂ ಕಡೆಗೆ ಸಣ್ಣ ಅಕ್ಷರದಲ್ಲಿ ‘ಶ್ರೀ ಮುದಿಯಪ್ಪ, ಕುಷ್ಟಗಿ’. ಕಾರ್ಡು ಜನರಿಗೆ ಹಿಡಿಸಿಬಿಟ್ಟಿತು. ಬಂದವರೆಲ್ಲ ಅಂಥದ್ದೇ ಬೇಕೆಂದರು. ಶಾಯಿಸ್ತಾ ಅದೇ ಹಳೆಯ ಕಾರ್ಡನ್ನು ತೆರೆದು ವಧುವನ್ನು ಬದಲಿಸಿದಳು, ವರನನ್ನು ಬದಲಿಸಿದಳು, ಮುಹೂರ್ತ ಬದಲಿಸಿದಳು, ಕೆಳಗಿನ ಹದಿನಾಲ್ಕು ಹೆಸರು ಬದಲಿಸಿದಳು. ಹದಿನೈದನೆಯದಕ್ಕೆ ಬರುವಷ್ಟರಲ್ಲಿ ಇನ್ನೊಂದು ಗಿರಾಕಿ ಬಂದು ನಿಂತಿರುತ್ತಿತ್ತು. ಹೆಣ್ಣಿನವರು ಮುದಿಯಪ್ಪ ಗಂಡಿನ ಕಡೆಯವನೆಂದು ತಿಳಿದರು, ಗಂಡಿನವರು ಹೆಣ್ಣಿನ ಕಡೆಯವನೆಂದು. ಬೀಗತನದ ಹೊಸತರಲ್ಲಿ ಕೇಳಿ ಕೆಟ್ಟವರಾಗುವುದು ಯಾರಿಗೂ ಬೇಡವಾಗಿತ್ತು.

ಮುದಿಯಪ್ಪ ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಊರೆಲ್ಲ ಅವನನ್ನು ಕಂಡಕ್ಟರ್ ಕಾಕಾ ಎಂದೇ ಕರೆಯುತ್ತಿತ್ತು, ಶಾಯಿಸ್ತಾಳಿಗೂ ಅವನ ನಿಜ ಹೆಸರು ತಿಳಿಯದು. ನಿವೃತ್ತಿಯಾದ ಮೇಲೆ ಅವನ ದೊಡ್ಡ ಕಂಠಕ್ಕೆ ಕೆಲಸವಿರಲಿಲ್ಲ. ಹೆಂಡತಿ ಹುಲಗಮ್ಮನ ಮುಂದೆ ಅದು ಏಳುತ್ತಲೂ ಇರಲಿಲ್ಲ. ಹೀಗಿರುವಾಗ ಒಂದು ದಿನ ಶಾಯಿಸ್ತಾ ಅಂಗಡಿಯ ಗಾಜಿಗೆ ಅಂಟಿಸಿದ್ದ ಮಾದರಿ ಕಾರ್ಡಿನಲ್ಲಿ ತನ್ನ ಹೆಸರು ಕಂಡ. ಗುರುತು ಪರಿಚಯ ಇಲ್ಲದ ಮದುವೆ. ತಂಗಿಯ ಮಗಳ ಹಳೆಯ ಕಾರ್ಡಿನಿಂದ ಹೆಸರು ಹಾಗೇ ಉಳಿದುಬಂದಿದೆಯೆಂದು ಅವನಿಗೆ ಹೊಳೆಯಿತು. ಜನರೆಲ್ಲ ಬರಲಿ ಎಂದು ಬಯಸುವವನು ತಾನೇ ಆಗಿರುವಾಗ ತಾನೇ ಹೋಗದಿದ್ದರೆ ಹೇಗೆ ಎಂದುಕೊಂಡು ಹೊರಟೇಬಿಟ್ಟ.

ಅಲ್ಲಿ ಊಟದ ಸಾಲಿನಲ್ಲಿ ನೂಕಾಟ ನಡೆದಿತ್ತು. ಮುದಿಯಪ್ಪ, “ಹಿಂದ ಜಾಗ ಐತಿ, ಹಿಂದ ಸರೀರಿ” ಎಂದು ಒಂದು ಕೂಗು ಹಾಕಿದ್ದೇ ತಡ, ಮುನ್ನೂರು ಜನ ತೆಪ್ಪಗೆ ಸರಿದರು. ಮನೆಯವರು ಕೈ ಮುಗಿದರು. ಅಂದಿನಿಂದ ಅವನು ಗಾಜಿನ ಮೇಲಿನ ತಾರೀಖು ನೋಡಿಕೊಂಡು ಯಲಬುರ್ಗಾ, ಇರಕಲ್ಲಗಡ, ಹುಲಿಹೈದರ ಎಂದು ತಿರುಗತೊಡಗಿದ. ಹುಗ್ಗಿ ಕಡಿಮೆ ಬೀಳದಂತೆ ನೋಡಿಕೊಂಡ, ಮುನಿಸಿಕೊಂಡ ಬೀಗರನ್ನು ಒಲಿಸಿದ. ಯಾರಾದರೂ ನೀವು ಯಾರೆಂದು ಕೇಳಿದರೆ ಕಾರ್ಡಿನ ಕಡೆಯ ಸಾಲಿನ ಮೇಲೆ ಬೆರಳಿಡುತ್ತಿದ್ದ. ಹುಲಗಮ್ಮ ಮಾತ್ರ ಒಂದು ಮದುವೆಗೂ ಜೊತೆಗೆ ಬರಲಿಲ್ಲ.

“ಕಾರ್ಡು ಎಲ್ಲೈತಿ ತೋರಸ್ರಿ. ಮನೀಗೆ ಬಂದು ಕಾರ್ಡು ಕೊಟ್ಟು ಕರೀಲಾರದ ಮದಿವಿಗೆ ನಾ ಕಾಲಿಡಂಗಿಲ್ಲ” ಎನ್ನುತ್ತಿದ್ದಳು.

ಈ ಸುಖಕ್ಕೆ ಕಲ್ಲು ಬಿದ್ದದ್ದು ಒಂದು ಸಂತೆಯ ದಿನ. ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿಗೆಂದು ಕೊಪ್ಪಳದಿಂದ ಬಂದ ವಾಹೀದ ಕುಳಿತಿದ್ದ.

“ಸಾಸಿವಿ ಇಡಾಕ ಜಾಗ ಇಲ್ಲರಿ ಅಕ್ಕಾ” ಎಂದ ವಾಹೀದ. “ಮೊನ್ನೆ ಹೊಸಾ ವಿಂಡೋಸ್ ಹಾಕಿದ್ವಿ ನೋಡ್ರಿ, ಹಳೇ ವಿಂಡೋಸ್ ಹೋತು, ಆದ್ರ ತನ್ನ ಸಾಮಾನೆಲ್ಲಾ ಬಿಟ್ಟು ಹೋಗೈತಿ. ಬಾಡಿಗೀದಾರ ಮನಿ ಖಾಲಿ ಮಾಡಿ ಅಟ್ಟದ ಮ್ಯಾಲ ಗಂಟು ಬಿಟ್ಟು ಹೋದಂಗ. ವಿಂಡೋಸ್ ಡಾಟ್ ಓಲ್ಡ್ ಅಂತ ಅದರ ಹೆಸರು. ಇಪ್ಪತ್ತೆಂಟು ಜಿಬಿ ಹಿಡದೈತಿ.”

“ನನ್ನ ಹಳೇ ಕಾರ್ಡೆಲ್ಲಾ ಅದರಾಗ ಅದಾವು. ಈಗ ಅವು ಯಾರಿಗೆ ಬೇಕು, ಎಲ್ಲಾರೂ ಫೋಟೋ ಇರೋ ಹೊಸಾ ಡಿಸೈನ್ ಕೇಳ್ತಾರ. ತಗದು ಬಿಡು” ಎಂದಳು ಶಾಯಿಸ್ತಾ.

ಗಾಜಿನ ಮೇಲಿನ ತಾರೀಖು ನೋಡಲು ಬಂದಿದ್ದ ಮುದಿಯಪ್ಪ ಬಾಗಿಲಲ್ಲೇ ನಿಂತ. ಬಿಟ್ಟುಹೋದ ಆ ಗಂಟಿನಲ್ಲಿ ತಾನೂ ಇದ್ದೇನೆಂದು ಹೇಳುವುದು ಹೇಗೆ?

“ಇವತ್ತ ಅಮಾಸಿ ಐತೆವಾ, ಏನೂ ಹೊರಗ ಹಾಕಬಾರದು” ಎಂದ.

“ಅಮಾಸಿ ಹೋಗಿ ಮೂರು ದಿನ ಆತು ಕಾಕಾ.”

“ಆದ್ರೂ ಹಳೇದು ಅಂತ ಮನ್ಯಾಗ ಒಂದು ಇರಬೇಕು.”

“ಇದು ಮನಿ ಅಲ್ಲರಿ, ಸಿ ಡ್ರೈವ್” ಎಂದ ವಾಹೀದ.

ಮುದಿಯಪ್ಪ ಚಹಾ ತರಿಸಿದ. ವಾಹೀದ ಒಂದು ಕೈಯಲ್ಲಿ ಚಹಾ ಕುಡಿಯುತ್ತ ಇನ್ನೊಂದು ಕೈಯಲ್ಲಿ ಕೆಲಸ ಮುಂದುವರಿಸಿದ. ದಿನಾ ಆ ಹೊತ್ತಿಗೆ ತಪ್ಪದೇ ಹೋಗುವ ಕರೆಂಟು, ಇವನು ಕಣ್ಣು ಮುಚ್ಚಿ ಬೇಡಿಕೊಂಡರೂ ಅಂದು ಹೋಗಲಿಲ್ಲ.

“ಒಮ್ಮೆ ತಗದ್ರ ತಿರುಗಿ ಬರಂಗಿಲ್ಲರಿ, ಒತ್ತಲೇನು?” ಎಂದು ವಾಹೀದ ಕೇಳಿದ. ಶಾಯಿಸ್ತಾ ತಲೆಯಾಡಿಸಿದಳು. ಪರದೆಯ ಮೇಲೆ ಹಸಿರು ಪಟ್ಟಿಯೊಂದು ನಿಧಾನಕ್ಕೆ ತುಂಬುತ್ತ ಹೋಗಿ ಮಾಯವಾಯಿತು.

ಮನೆಯಲ್ಲಿ ಅವನ ಮುಖ ನೋಡಿ ಹುಲಗಮ್ಮ, “ಯಾಕ್ರಿ, ಯಾರ ಮದಿವಿ ಮುರೀತು?” ಎಂದಳು.

“ಎಲ್ಲಾವೂ” ಎಂದ ಮುದಿಯಪ್ಪ.

ತಿಂಗಳು ಕಳೆಯಿತು. ಗಾಜಿನ ಮೇಲೆ ಹೊಸ ಕಾರ್ಡುಗಳು ಬಂದವು. ಮುದಿಯಪ್ಪ ಒಂದೊಂದನ್ನೂ ತಳದವರೆಗೆ ಓದಿದ. ಎಲ್ಲಿಯೂ ಅವನಿರಲಿಲ್ಲ. ಯಾರೂ ಸಿಟ್ಟಿನಿಂದ ಹೆಸರು ಹೊಡೆದುಹಾಕಿರಲಿಲ್ಲ. ಹೊಡೆದುಹಾಕುವುದಕ್ಕೆ ಮೊದಲು ಯಾರಾದರೂ ಬೇಕೆಂದು ಬರೆದಿರಬೇಕಲ್ಲ. ಅದೇ ಅವನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

ಇನ್ನು ಈ ಗಾಜಿನ ಕಡೆ ಬರಬಾರದೆಂದು ಹೊರಡುವಾಗ ಒಳಗಿನಿಂದ ಒಂದು ದನಿ ಕೇಳಿಸಿತು. ಹುಲಿಹೈದರದ ಹುಚ್ಚೀರಪ್ಪ, ಕಿರಿಯ ಮಗಳ ಲಗ್ನದ ಕಾರ್ಡು ಮಾಡಿಸಲು ಬಂದವನು, ಪರದೆಗೆ ಮೂಗು ತಾಗಿಸಿ ಕುಳಿತಿದ್ದ.

“ಎಲ್ಲಾ ಛಲೋ ಐತಿ ತಂಗಿ. ಆದ್ರ ಕಡೀಗೆ ಮುದಿಯಪ್ಪನವರ ಹೆಸರು ಇಲ್ಲಲ್ಲ.”

“ಯಾರ್ರಿ ಅವರು, ನಿಮ್ಮ ಬಳಗದವರಾ?”

“ಅಲ್ಲ. ಹಿರೇ ಮಗಳ ಮದಿವ್ಯಾಗ ಬೀಗರ ಕಡೆಯವರು ಅಂತ ನಾ ತಿಳಕೊಂಡಿದ್ದೆ. ಬೀಗರು ನಮ್ಮ ಕಡೆಯವರು ಅಂತ ತಿಳಕೊಂಡಿದ್ರಂತ. ವರ್ಷ ಆದಮ್ಯಾಲ ಗೊತ್ತಾತು, ಯಾರ ಕಡೆಯವರೂ ಅಲ್ಲ. ಆದ್ರ ಅವತ್ತ ಅಡಗಿಯವರು ಜಗಳಾಡಿ ಎದ್ದು ಹೊಂಟಾಗ ಬಾಗಿಲಾಗ ತಡದು ನಿಲ್ಲಿಸಿದವರು ಮುದಿಯಪ್ಪನವರೊಬ್ಬರೇ. ಆಪತ್ತಿಗಾದವನೇ ನೆಂಟ. ಹಾಕು ಹೆಸರು.”

ಶಾಯಿಸ್ತಾ ಒಂದೊಂದೇ ಅಕ್ಷರ ಒತ್ತಿದಳು. ಹೊರಟಿದ್ದ ಮುದಿಯಪ್ಪ ತಿರುಗಿ ಬಾಗಿಲಿಗೆ ಬಂದ.

“ಮ್ಯಾಲ ಹಾಕ್ಲೋ, ಕಡೀಗೆ ಹಾಕ್ಲೋ?” ಎಂದು ಅವಳು ಕೇಳಿದಳು.

“ಕಡೀಗೇ ಇರಲಿ ಬಿಡವಾ. ಅಲ್ಲೇ ರೂಢಿ ಆಗೈತಿ” ಎಂದ ಮುದಿಯಪ್ಪ. ಇಬ್ಬರೂ ತಿರುಗಿ ನೋಡಿದರು. ಶಾಯಿಸ್ತಾ ಕಾಕಾನನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು.

“ಒಂದು ಮಾತು ಹುಚ್ಚೀರಪ್ಪ” ಎಂದ ಮುದಿಯಪ್ಪ. “ಒಂಬತ್ತು ವರ್ಷದಾಗ ನನಗ ಯಾರೂ ಒಂದು ಕಾರ್ಡು ಕೊಟ್ಟಿಲ್ಲ.”

ವಾರದಲ್ಲಿ ಹುಚ್ಚೀರಪ್ಪ ಹೆಂಡತಿಯೊಂದಿಗೆ ಮನೆಗೇ ಬಂದ. ಲಕೋಟೆಯ ಮೂಲೆಗೆ ಅರಿಷಿಣ ಹಚ್ಚಿತ್ತು, ಮೇಲೆ ‘ಶ್ರೀ ಮುದಿಯಪ್ಪ ಮತ್ತು ಮನೆಯವರು’ ಎಂದು ಪೆನ್ನಿನಲ್ಲಿ ಬರೆದಿತ್ತು. ಅವರು ಕಾರ್ಡು ಕೊಟ್ಟು, ಮನಿಮಂದಿಯೆಲ್ಲ ಬರಬೇಕೆಂದು ಎರಡು ಸಲ ಹೇಳಿ ಹೋದರು. ಹುಲಗಮ್ಮ ಕಾರ್ಡನ್ನು ಗಣಪನಿಂದ ಹಿಡಿದು ತಳದವರೆಗೆ ಓದಿ, ಕಡೆಯ ಹೆಸರಿನ ಮೇಲೆ ಬೆರಳಿಟ್ಟಳು. ಆಮೇಲೆ ಎದ್ದು ಹೋಗಿ ಟ್ರಂಕು ತೆಗೆದು ರೇಷ್ಮೆ ಸೀರೆ ಕೊಡವಿದಳು.

“ಬರ್ತೀನಿ” ಎಂದಳು. “ಆದ್ರ ಊಟಕ್ಕ ನಿಂತಾಗ ನನಗ ಹಿಂದ ಸರೀರಿ ಅನಬ್ಯಾಡ್ರಿ.”