ಮೂರನೆಯ ಸಹಿ

ಲಾರ್ನ್ ಹ್ಯಾಡಿಕ್ಸ್ ಒಂಬತ್ತು ವರ್ಷ ನಮ್ಮ ಆರೈಕೆ ಮನೆಗೆ ಔಷಧಿ ತಂದುಕೊಟ್ಟ. ನಾನಲ್ಲಿ ಹಗಲು ಪಾಳಿಯ ಹಿರಿಯ ನರ್ಸ್. ಅವನ ಮನೆ ನದಿಯ ಆಚೆ ದಡದಲ್ಲಿ, ಎಂದರೆ ಬೇರೆ ರಾಜ್ಯದಲ್ಲಿ. ದಿನವೂ ಮಧ್ಯಾಹ್ನ ಎರಡರ ಸುಮಾರಿಗೆ ಸೇತುವೆ ದಾಟಿ ಬಂದು, ಹಿಂಬಾಗಿಲಲ್ಲಿ ವ್ಯಾನ್ ನಿಲ್ಲಿಸಿ, ಬೀಗ ಹಾಕಿದ ನೀಲಿ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಡುತ್ತಿದ್ದ. ಒಳಗಿರುತ್ತಿದ್ದುದು ಮಾರ್ಫಿನ್ನಿನಂಥ ಔಷಧಿಗಳು. ಒಂದೊಂದು ಶೀಶೆಯನ್ನೂ ಇಬ್ಬರೂ ನೋಡಿ, ಪಟ್ಟಿಯ ಜೊತೆ ತಾಳೆ ಹಾಕಬೇಕಿತ್ತು.

ಅವನು ಗುಡ್ಡಗಾಡಿನ ಬಿಳಿಯ, ನಾನು ಊರೊಳಗಿನ ಕರಿಯಳು. ಬೇರೆಲ್ಲಾದರೂ ಎದುರಾಗಿದ್ದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವೋ ಇಲ್ಲವೋ. ಆದರೆ ದಿನಕ್ಕೆ ಕಾಲು ಗಂಟೆ ಎದುರುಬದುರು ನಿಂತು ಒಂದೇ ಪಟ್ಟಿ ಓದಿದರೆ, ಒಂಬತ್ತು ವರ್ಷಕ್ಕೆ ಅದೂ ಒಂದು ನಂಟಾಗುತ್ತದೆ.

“ಏನ್ ದೊರೆಸಾನಿ, ಇದು ಕಾಫಿನೋ, ರಸ್ತೆಗೆ ಬಳಿಯೋ ಡಾಂಬರೋ?” ಎನ್ನುತ್ತಿದ್ದ.

“ಕುಡಿಯೋದಾದ್ರೆ ಕುಡಿ. ಇಲ್ದಿದ್ರೆ ನಿನ್ನ ವ್ಯಾನಿಗೆ ಹೊಯ್ಕೋ, ಇನ್ನೂ ಜೋರಾಗಿ ಓಡುತ್ತೆ.”

ಅವನ ಹೆಂಡತಿ ಟ್ವೈಲಾ ವಾರಕ್ಕೊಮ್ಮೆ ಪೆಪರೋನಿ ಎಂಬ ಖಾರದ ಮಾಂಸ ತುಂಬಿದ ಬನ್ನು ಮಾಡಿ ಕಳಿಸುತ್ತಿದ್ದಳು. ಅವಳ ಶ್ವಾಸಕೋಶ ಕೆಟ್ಟು ನಾಲ್ಕು ವರ್ಷವಾಗಿತ್ತು. ಮೂಗಿಗೆ ಕೊಳವೆ, ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರ್. ಅದೆಲ್ಲ ನಡೆಯುತ್ತಿದ್ದುದು ಲಾರ್ನ್‌ನ ಕೆಲಸದಿಂದ ಸಿಗುವ ಆರೋಗ್ಯ ವಿಮೆಯಿಂದ. ಅವಳನ್ನು ನಾನು ನೋಡಿರಲಿಲ್ಲ, ಅವಳ ಬನ್ನು ಮಾತ್ರ ತಿಂದಿದ್ದೆ.

ಒಂಬತ್ತನೆಯ ವರ್ಷದ ಮಾರ್ಚಿನಲ್ಲಿ ನಮ್ಮ ಊರಿನಲ್ಲೇ, ಒಂದು ವಸತಿ ಕಟ್ಟಡದ ಹಿಂದೆ, ಇಬ್ಬರು ಅವನನ್ನು ಹಿಡಿದು ಕಬ್ಬಿಣದ ಸಲಾಕೆಯಿಂದ ಬಡಿದರು. ದವಡೆ ಮುರಿಯಿತು, ಕೊರಳೆಲುಬು ಮುರಿಯಿತು. ನೀಲಿ ಪೆಟ್ಟಿಗೆ ಎತ್ತಿಕೊಂಡು ಓಡಿದರು. ಏಳು ವಾರ ಕಳೆದು ಕೆಲಸಕ್ಕೆ ಬಂದಾಗ ಮುಖ ಒಂದು ಕಡೆಗೆ ವಾಲಿತ್ತು.

“ಮೊದಲೂ ಏನ್ ಚೆಂದ ಇರಲಿಲ್ಲ ಬಿಡು, ಈಗ ಹೇಳ್ಕೊಳ್ಳೋಕೆ ಒಂದು ನೆಪ ಸಿಕ್ತು” ಎಂದ. ನಗಿಸಿದ. ಆದರೆ ಒಳಗೆಲ್ಲೋ ಬಾಗಿಲು ಬಡಿದುಕೊಂಡರೆ ಬೆಚ್ಚಿ ತಿರುಗುತ್ತಿದ್ದ.

ಅವನ ದಡದಲ್ಲಿ ಅಂಗಿಯೊಳಗೆ ಪಿಸ್ತೂಲು ಇಟ್ಟುಕೊಂಡು ತಿರುಗಲು ಯಾರ ಕಾಗದವೂ ಬೇಡ. ನಮ್ಮ ದಡದಲ್ಲಿ ಪರವಾನಗಿ ಇಲ್ಲದೆ ಹಾಗೆ ಸಿಕ್ಕಿಬಿದ್ದರೆ ಜೈಲು. ಹಾಗಾಗಿ ಅವನು ದಿನವೂ ಸೇತುವೆಗೆ ಮೊದಲು ಸಿಗುವ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಗುಂಡು ತೆಗೆದು, ಪಿಸ್ತೂಲನ್ನು ವ್ಯಾನಿನ ಹಿಂಬದಿಯಲ್ಲಿ ಬೀಗ ಹಾಕಿಟ್ಟು ಬರುತ್ತಿದ್ದ.

“ಅವ್ರು ಬಡಿಯೋವಾಗ ನನ್ನ ಪಿಸ್ತೂಲು ಹಿಂದೆ ಬೆಚ್ಚಗೆ ನಿದ್ದೆ ಮಾಡ್ತಿತ್ತು, ದೊರೆಸಾನಿ. ಕಾನೂನು ಪಾಲಿಸಿದ್ದಕ್ಕೆ ಇದು ಬಹುಮಾನ” ಎಂದು ದವಡೆ ಮುಟ್ಟಿಕೊಂಡ.

ನಮ್ಮ ರಾಜ್ಯದ ಪರವಾನಗಿಗೆ ಹೊರರಾಜ್ಯದವನಾಗಿ ಅರ್ಜಿ ಹಾಕುವುದು ಎಂದು ತೀರ್ಮಾನಿಸಿದ. ಅವನ ಮ್ಯಾನೇಜರ್ ಹೇಳಿದ್ದು ಇಷ್ಟೇ: “ತಗೋ ಅಂತ ನಾವು ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ತಗೊಂಡ್ರೆ ನಮ್ಗೆ ಹೇಳ್ಬೇಡ.” ಎರಡು ಶನಿವಾರ, ಎರಡು ಭಾನುವಾರ ತರಬೇತಿಗೆ ಕೂತ. ಹತ್ತು ಬೆರಳಿನ ಗುರುತು ಕೊಟ್ಟ. ಪೊಲೀಸ್ ವರದಿ, ಆಸ್ಪತ್ರೆಯ ಕಾಗದ, ವಾಲಿದ ಮುಖದ ಭಾವಚಿತ್ರ, ಎಲ್ಲ ಸೇರಿಸಿದ. ಒಂದೊಂದು ಮುಗಿದಾಗಲೂ ಬಂದು ನನಗೆ ವರದಿ ಒಪ್ಪಿಸುತ್ತಿದ್ದ. ನಾನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದೆ. ಅಂದೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಜೂನ್ ತಿಂಗಳಲ್ಲಿ ಒಂದು ದಿನ ಕೊನೆಯ ಹಾಳೆ ತಂದು ಮೇಜಿನ ಮೇಲೆ ಹರಡಿದ. ನಮ್ಮ ರಾಜ್ಯದಲ್ಲೇ ವಾಸವಿರುವ, ಐದು ವರ್ಷಕ್ಕಿಂತ ಹೆಚ್ಚು ಪರಿಚಯವಿರುವ, ಬಂಧುಗಳಲ್ಲದ ಮೂವರು ಅವನ ನಡತೆಗೆ ಸಾಕ್ಷಿ ಹೇಳಿ ಸಹಿ ಹಾಕಬೇಕಿತ್ತು.

“ಈ ದಡದಲ್ಲಿ ನಂಗ್ಯಾರಿದ್ದಾರೆ ಹೇಳು? ಹೋಟೆಲ್ ಕೋವಾಕ್ ಮೊಟ್ಟೆ ಮಗುಚ್ತಾ ಮಗುಚ್ತಾನೇ ಸಹಿ ಹಾಕ್ದ, ಮೂಲೇಲಿ ಎಣ್ಣೆ ಕಲೆ ನೋಡು. ಔಷಧಿ ಅಂಗಡಿ ಲಿಂಡ್‌ಕ್ವಿಸ್ಟಮ್ಮ ಎರಡನೇವ್ರು. ಮೂರನೇದು ನೀನು.”

ಮೂರನೆಯ ಸಾಲಿನಲ್ಲಿ ನನ್ನ ಹೆಸರನ್ನು ಆಗಲೇ ಬರೆದಿದ್ದ: ಒಡೆಸ್ಸಾ ಪ್ರುಯಿಟ್. ಮಕ್ಕಳ ಹಾಗೆ ದುಂಡು ಅಕ್ಷರ. ಪೆನ್ನು ಮುಂದೆ ಹಿಡಿದ.

“ನಾನು ಹಾಕಲ್ಲ, ಲಾರ್ನ್.”

“ಏನು, ಕನ್ನಡಕ ತಂದಿಲ್ವಾ? ಎಲ್ಲಿ ಅಂತ ನಾನು ತೋರಿಸ್ತೀನಿ.”

“ಕನ್ನಡಕ ಮೂಗಿನ ಮೇಲೇ ಇದೆ. ಹಾಕಲ್ಲ ಅಂದೆ.”

ಅವನು ನಕ್ಕ, ಆಮೇಲೆ ನಗು ನಿಲ್ಲಿಸಿದ. “ನಾನು ಕುಡುಕನಾ? ಯಾರ ಮೇಲಾದ್ರೂ ಕೈ ಮಾಡಿದ್ದು ನೋಡಿದೀಯಾ?”

“ಇಲ್ಲಪ್ಪ.”

“ಮತ್ತೆ?”

ಆಗ ಹೇಳಿದೆ. ನನ್ನ ಮಗ ಟೆರೆನ್ಸ್, ಹತ್ತೊಂಬತ್ತು ವರ್ಷದವನು, ಹನ್ನೊಂದು ವರ್ಷದ ಹಿಂದೆ ಟೈರ್ ಅಂಗಡಿಯ ಮುಂದೆ ಕಾರು ನಿಲ್ಲಿಸುವ ಜಾಗಕ್ಕಾಗಿ ಒಬ್ಬನ ಜೊತೆ ಮಾತಿಗೆ ಮಾತು ಬೆಳೆಸಿದ್ದು. ಫೋನ್ ತೆಗೆಯಲು ಜೇಬಿಗೆ ಕೈ ಹಾಕಿದ್ದು. ಆ ಮನುಷ್ಯ ಹೆದರಿ ಗುಂಡು ಹಾರಿಸಿದ್ದು. ಅವನ ಬಳಿ ಪರವಾನಗಿ ಇತ್ತು, ಹೆದರಿಕೆ ನಿಜವಾದದ್ದು ಎಂದು ವಿಚಾರಣೆಯೇ ನಡೆಯಲಿಲ್ಲ.

“ಅವನ ಅರ್ಜಿ ನಾನು ನೋಡ್ದೆ, ಲಾರ್ನ್. ಅದಕ್ಕೂ ಮೂರು ಜನ ಸಹಿ ಹಾಕಿದ್ರು. ಶಾಂತ ಸ್ವಭಾವದವ್ರು, ಸಭ್ಯರು ಅಂತ ಬರೆದಿದ್ರು. ಅದ್ರಲ್ಲಿ ಒಬ್ಬಳು ಶಾಲೆ ಟೀಚರ್. ಬಹುಶಃ ಸುಳ್ಳೂ ಅಲ್ಲ, ಸಭ್ಯನೇ ಇದ್ದಿರ್ಬೇಕು. ಕೊಂದವನಿಗಿಂತ ಹೆಚ್ಚು ನಾನು ಆ ಮೂರು ಜನರ ಬಗ್ಗೆ ಯೋಚ್ನೆ ಮಾಡಿದೀನಿ. ನಾನು ಅವ್ರಲ್ಲಿ ಒಬ್ಬಳಾಗಲ್ಲ.”

ಲಾರ್ನ್ ಪೆನ್ನಿಗೆ ಮುಚ್ಚಳ ಹಾಕಿದ. “ಒಂಬತ್ ವರ್ಷದಲ್ಲಿ ಒಂದ್ಸಲಾನೂ ಹೇಳ್ಲಿಲ್ಲ ನೀನು.”

“ನೀನು ಕೇಳ್ಲಿಲ್ಲ.”

“ನಾನು ಅವನಲ್ಲ, ಒಡೆಸ್ಸಾ.”

“ಗೊತ್ತು.”

“ಗೊತ್ತಿದ್ದೂ?”

“ಗೊತ್ತಿದ್ದೂ.”

ಹಾಳೆಯನ್ನು ಜೋಪಾನವಾಗಿ ಮಡಿಸಿ ಒಳಜೇಬಿಗೆ ಇಟ್ಟುಕೊಂಡ. “ಪಾಪ ಹುಡುಗ” ಎಂದ. ಟೆರೆನ್ಸ್‌ಗೆ ಹೇಳಿದ್ದು. ಕಾಫಿ ಕುಡಿಯದೆ ಹೋದ.

ಬೇರೆಯವರನ್ನು ಕೇಳಿದನೆಂದು ಆಮೇಲೆ ತಿಳಿಯಿತು. ನಮ್ಮ ಕಸ ಗುಡಿಸುವವನಿಗೆ ಮೂರೇ ವರ್ಷದ ಪರಿಚಯ. ಇನ್ನೊಂದು ಆಸ್ಪತ್ರೆಯ ಗುಮಾಸ್ತೆಗೆ ಮೇಲಿನವರ ಅಪ್ಪಣೆ ಸಿಗಲಿಲ್ಲ. ಕೊನೆಗೆ ಇಬ್ಬರ ಸಹಿಯಲ್ಲೇ ಕೊಟ್ಟು ನೋಡಿದ. ಪರವಾನಗಿ ಕಚೇರಿಯ ಕಿಟಕಿಯಲ್ಲಿದ್ದ ಹೆಂಗಸು ಹಿಂದಕ್ಕೆ ತಳ್ಳಿ, “ಮೂರು ಅಂದ್ರೆ ಮೂರು ಸ್ವಾಮಿ, ಎರಡೂವರೆ ಅಂತ ಇಲ್ಲ” ಎಂದಳಂತೆ. ಅದನ್ನು ನನಗೆ ಹೇಳಿದವನು ಕೋವಾಕ್, ಲಾರ್ನ್ ಅಲ್ಲ. ಲಾರ್ನ್ ಬರುತ್ತಿದ್ದ, ಶೀಶೆಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತಿದ್ದ, ಹೋಗುತ್ತಿದ್ದ. ಬನ್ನು ಬರುವುದು ನಿಂತಿತು. ನಾನು ಟೆರೆನ್ಸ್‌ನ ಮಾತು ಎತ್ತದೆ ಬರೀ ಬೇಡ ಎಂದಿದ್ದರೆ ಅವನಿಗೆ ಸಿಟ್ಟಾದರೂ ಬರುತ್ತಿತ್ತು. ಸಿಟ್ಟಾಗುವ ಹಕ್ಕನ್ನೂ ಅವನಿಂದ ಕಸಿದುಕೊಂಡಿದ್ದೆ.

ಅಕ್ಟೋಬರಿನಲ್ಲಿ ಒಂದು ಸೋಮವಾರ ಬೇರೆ ಡ್ರೈವರ್ ಬಂದಳು, ನಡುವಯಸ್ಸಿನ ಹೆಂಗಸು.

“ಲಾರ್ನ್ ರಜೆನಾ?” ಎಂದೆ.

“ರಜೆನಾ? ಜೈಲೊಳಗೆ ಕೂತಿದಾನಮ್ಮ. ಪಿಸ್ತೂಲು ಸಿಕ್ತಂತೆ.”

ಸೇತುವೆಯಿಂದ ಸ್ವಲ್ಪ ದೂರದಲ್ಲಿ, ಬ್ರೇಕ್ ದೀಪ ಉರಿಯುತ್ತಿಲ್ಲವೆಂದು ಪೊಲೀಸ್ ಒಬ್ಬ ವ್ಯಾನ್ ನಿಲ್ಲಿಸಿದ್ದ. ಲಾರ್ನ್‌ನ ಊರಿನಲ್ಲಿ ಪಿಸ್ತೂಲಿದ್ದರೆ ಪೊಲೀಸರಿಗೆ ಮೊದಲೇ ಹೇಳುವುದು ಮರ್ಯಾದೆ. ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು, “ಸಾರ್, ಬಲಗಡೆ ಸೊಂಟದಲ್ಲಿ ಪಿಸ್ತೂಲಿದೆ, ಮೊದಲೇ ಹೇಳ್ಬಿಡ್ತೀನಿ” ಎಂದ.

“ಕಾಗದ?”

“ನಮ್ಮ ಕಡೆ ಬೇಡ ಸಾರ್.”

“ಇದು ನಿಮ್ಮ ಕಡೆ ಅಲ್ಲ. ಇಳೀರಿ.”

ಆಗಸ್ಟ್‌ನಿಂದಲೇ ಅವನು ಬಂಕಿನಲ್ಲಿ ನಿಲ್ಲಿಸುವುದನ್ನು ಬಿಟ್ಟಿದ್ದ. ಹೆದರಿಕೆ ತಾಳಲಾರದೆ ಹೋಗಿದ್ದ, ಅಷ್ಟೇ. ಕೆಲಸ ಅಂದೇ ಹೋಯಿತು. ತಿಂಗಳ ಕೊನೆಗೆ ವಿಮೆಯೂ ಹೋಯಿತು.

ಸರ್ಕಾರ ಕೊಟ್ಟ ವಕೀಲೆ, ಡೆಲಾಕ್ರೂ ಎಂಬವಳು, ನನಗೆ ಫೋನ್ ಮಾಡಿದಳು. ಲಾರ್ನ್ ತಪ್ಪು ಒಪ್ಪಿಕೊಂಡಿದ್ದ, ಶಿಕ್ಷೆ ಗೊತ್ತುಮಾಡುವುದೊಂದೇ ಬಾಕಿ. “ಅವರ ನಡತೆ ಬಗ್ಗೆ ನಾಲ್ಕು ಮಾತು ಹೇಳ್ತೀರಾ? ನೀವು ಬೇಡ ಅಂದ್ರೂ ಬೇಜಾರಿಲ್ಲ ಅಂತ ಅವರೇ ಹೇಳಿದಾರೆ.”

ಯೋಚಿಸದೆ ಒಪ್ಪಿಕೊಂಡೆ. ಇಷ್ಟಾದರೂ ಮಾಡಬಹುದಲ್ಲ ಎನ್ನಿಸಿತು. ನಾಲ್ಕು ಸಲ ಬರೆದು ಹರಿದು, ಐದನೆಯದನ್ನು ಒಯ್ದೆ.

ನ್ಯಾಯಾಲಯದಲ್ಲಿ ಲಾರ್ನ್ ಜೈಲಿನ ಕಿತ್ತಳೆ ಬಣ್ಣದ ಬಟ್ಟೆಯಲ್ಲಿ ಕೂತಿದ್ದ. ಹಿಂದಿನ ಬೆಂಚಿನಲ್ಲಿ ಚಕ್ರದ ಸಿಲಿಂಡರ್ ಪಕ್ಕ ಒಬ್ಬ ಸಣಕಲು ಹೆಂಗಸು. ಅವಳೇ ಟ್ವೈಲಾ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನಾನು ಎದ್ದು ನಿಂತು ಓದಿದೆ. ಒಂಬತ್ತು ವರ್ಷದಲ್ಲಿ ಒಂದು ಶೀಶೆಯೂ ತಪ್ಪಿಲ್ಲ, ಒಂದು ಬಿರುಸು ಮಾತೂ ಆಡಿಲ್ಲ, ಇಂಥ ಪ್ರಾಮಾಣಿಕನನ್ನು ನಾನು ಕಂಡಿಲ್ಲ ಎಂದು.

ಸರ್ಕಾರದ ಪರವಾದ ವಕೀಲ ಮೆದುಮಾತಿನವನು. ಅವನ ಕೈಯಲ್ಲಿ ಲಾರ್ನ್‌ನ ಅರ್ಜಿ ಇತ್ತು. ಕಾನೂನಿನಂತೆ ನಡೆಯಲು ಯತ್ನಿಸಿದ್ದನೆಂದು ತೋರಿಸಲು ಡೆಲಾಕ್ರೂ ತಾನೇ ಅದನ್ನು ಹಾಜರುಪಡಿಸಿದ್ದಳು.

“ಅಮ್ಮ, ಮೂರನೇ ಸಾಲಲ್ಲಿ ಬರೆದು ಹೊಡೆದು ಹಾಕಿರೋ ಹೆಸರು ನಿಮ್ಮದೇ ಅಲ್ವಾ?”

“ಹೌದು.”

“ಇವ್ರು ಕೇಳಿದ್ರು, ನೀವು ಸಹಿ ಹಾಕ್ಲಿಲ್ಲ.”

“ಹಾಕ್ಲಿಲ್ಲ. ಆದ್ರೆ—”

“ಇಷ್ಟು ಚೆನ್ನಾಗಿ ಬಲ್ಲ ನೀವೇ ಇವ್ರ ಕೈಗೆ ಪಿಸ್ತೂಲು ಬೇಡ ಅಂದ್ರಿ. ಸಾಕಮ್ಮ, ಕೂತ್ಕೊಳ್ಳಿ.”

ನಾನು ಕೂರಲಿಲ್ಲ. ಡೆಲಾಕ್ರೂ ಕೂಡ ಎದ್ದು, ಕಾರಣ ಹೇಳಲು ಬಿಡಬೇಕೆಂದು ಕೇಳಿದಳು. ನ್ಯಾಯಾಧೀಶರು ತಲೆಯಾಡಿಸಿದರು. ಟೆರೆನ್ಸ್‌ನ ಕತೆಯನ್ನು ಪೂರ್ತಿ ಹೇಳಿದೆ. ಹನ್ನೊಂದು ವರ್ಷದ ಹಿಂದೆ ಯಾವ ನ್ಯಾಯಾಧೀಶರೂ ಕೇಳದೆ ಉಳಿದದ್ದನ್ನು ಅಂದು ಎಲ್ಲರೂ ಕಿವಿಗೊಟ್ಟು ಕೇಳಿದರು. ನಾನು ಸಹಿ ಹಾಕದಿದ್ದುದು ಇವನ ತಪ್ಪಿನಿಂದಲ್ಲ, ನನ್ನ ನೋವಿನಿಂದ ಎಂದೆ. ಗೆದ್ದೆ ಎಂದೇ ಅಂದುಕೊಂಡೆ.

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. “ನಿಮ್ಮ ಮಗನ ವಿಷಯ ಕೇಳಿ ದುಃಖವಾಯ್ತು” ಎಂದರು. ಆಮೇಲೆ ಲಾರ್ನ್ ಕಡೆ ತಿರುಗಿದರು. “ಮಿಸ್ಟರ್ ಹ್ಯಾಡಿಕ್ಸ್, ಈ ತಾಯಿ ಹೇಳಿದ್ದು ಕೇಳಿದ್ರಲ್ಲ. ಈ ಕಾನೂನು ಇರೋದೇ ಇಂಥವರಿಗೋಸ್ಕರ. ಇವ್ರು ಬೇಡ ಅಂದ್ಮೇಲೂ ನೀವು ಕಟ್ಕೊಂಡು ಬಂದ್ರಿ.” ಒಂದು ವರ್ಷ ಎಂದರು.

ಹಿಂದಿನ ಬೆಂಚಿನಿಂದ ಕೆಮ್ಮು ಕೇಳಿಸಿತು. ಲಾರ್ನ್ ತಿರುಗಿ ಹೆಂಡತಿಯ ಕಡೆ ನೋಡಿದ. ನನ್ನ ಕಡೆ ನೋಡಲಿಲ್ಲ. ನನ್ನ ಮಗನ ಸಾವನ್ನು ನನ್ನ ಬಾಯಿಂದಲೇ ತೆಗೆದು ಅವನ ಕೊರಳಿಗೆ ಕಟ್ಟಿ ಒಳಗೆ ಕಳಿಸಿದರು.

ಡಿಸೆಂಬರಿನಲ್ಲಿ ಟ್ವೈಲಾಳನ್ನು ನೋಡಲು ಹೋದೆ. ಗುಡ್ಡದ ಬುಡದಲ್ಲಿ ತಗಡು ಹೊದಿಸಿದ ಮನೆ. ಬಾಗಿಲು ಅರ್ಧ ತೆರೆದಳು.

“ಓ, ದೊರೆಸಾನಿ” ಎಂದಳು. ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದಳು. “ಏನ್ ತಂದೆ? ಹೂವಾ?”

“ಸಾರು ಮಾಡ್ಕೊಂಡು ಬಂದೆ.”

“ನಿನ್ನ ಮಗ ಹೋದದ್ದು ಕೇಳಿ ನಂಗೆ ಅಳು ಬಂತು ಕಣಮ್ಮ. ದೇವರಾಣೆ ಬಂತು. ಆದ್ರೆ ಹೊಡೆದವನು ಇವತ್ತೂ ಎಲ್ಲೋ ಊಟ ಮಾಡ್ತಾ ಕೂತಿದಾನೆ. ಒಳಗಿರೋನು ನನ್ನ ಗಂಡ. ಇದ್ಯಾವ ಲೆಕ್ಕ?”

ಸಾರಿನ ಪಾತ್ರೆಯನ್ನು ಮುಂದೆ ಹಿಡಿದೆ.

“ಈಗ ಸಿಲಿಂಡರು ಹಗಲು ಹೊತ್ತು ಹಾಕ್ಕೊಳ್ಳಲ್ಲ, ರಾತ್ರಿಗೆ ಉಳಿಸ್ಕೋತೀನಿ. ಸಾರು ಮೆಟ್ಟಿಲ ಮೇಲಿಡು. ನಾಯಿ ಮುಟ್ಟಲ್ಲ” ಎಂದು ಬಾಗಿಲು ಹಾಕಿಕೊಂಡಳು.

ಅಲ್ಲಿಂದಲೇ ಮೂರು ಕಡೆ ಫೋನ್ ಮಾಡಿದೆ. ನಮ್ಮ ಚರ್ಚಿನವರು, ಅವಳ ಚರ್ಚಿನವರು, ಒಂದು ಧರ್ಮದ ಆಸ್ಪತ್ರೆ. ಆಸ್ಪತ್ರೆಯವರು ಆಕ್ಸಿಜನ್ ಕೊಡುವ ಒಂದು ಯಂತ್ರ ಒದಗಿಸಿಕೊಡುತ್ತೇವೆಂದರು, ಅರ್ಜಿ ತುಂಬಿಸಿಕೊಂಡರು. ಅದು ಬರುವಷ್ಟರಲ್ಲಿ, ಫೆಬ್ರವರಿಯ ಎರಡನೆಯ ವಾರ, ಟ್ವೈಲಾ ಹೋಗಿಬಿಟ್ಟಳು.

ಮಣ್ಣಿಗೆ ಲಾರ್ನ್‌ನನ್ನು ಎರಡು ಗಂಟೆಯ ಮಟ್ಟಿಗೆ ಕರೆತಂದಿದ್ದರು. ಕೈಗೆ ಮುಂದಿನಿಂದ ಕೋಳ, ಮೇಲೆ ಯಾರದೋ ದೊಡ್ಡ ಕೋಟು. ಜನ ಸಾಲಾಗಿ ಹೋಗಿ ಅವನ ಭುಜ ತಟ್ಟುತ್ತಿದ್ದರು. ನಾನು ಕೊನೆಯಲ್ಲಿ ನಿಂತಿದ್ದೆ. ನನ್ನ ಸರದಿ ಬಂದಾಗ ಏನು ಹಿಡಿಯಬೇಕೋ ತಿಳಿಯದೆ ಅವನ ತೋಳಿನ ಬಟ್ಟೆ ಹಿಡಿದುಕೊಂಡೆ.

“ಬಂದ್ಯಾ” ಎಂದ.

“ಬಂದೆ, ಲಾರ್ನ್.”

ಇನ್ನೇನೋ ಹೇಳುವವನಂತೆ ದವಡೆ ಆಡಿಸಿದ. ಪಕ್ಕದಲ್ಲಿದ್ದ ಪೊಲೀಸ್ ಗಡಿಯಾರ ನೋಡಿ, “ಹೊರಡೋಣ ಸ್ವಾಮಿ” ಎಂದ. ಹೊರಟರು.

ಜುಲೈನಲ್ಲಿ, ಅವಧಿಗೆ ಮೊದಲೇ, ಬಿಡುಗಡೆಯಾಗಿ ದೂರದಲ್ಲೆಲ್ಲೋ ತಮ್ಮನ ಮರದ ಮಿಲ್ಲಿಗೆ ಹೋದನೆಂದು ಕೋವಾಕ್ ಹೇಳಿದ. ವಿಳಾಸವೂ ಅವನ ಬಳಿ ಇತ್ತು. ಬೇಕಾ ಎಂದು ಕೇಳಿದ. ಬೇಡ ಎಂದೆ.